ಕೋವಿಗೆ ತಕ್ಕ ತೋಟಾ

1907ನೆಯ ಇಸವಿ. ಕುಮಾವೂಂ ಬೆಟ್ಟಸೀಮೆಯ ಚಂಪಾವತ್ ಎಂಬಲ್ಲಿ, 436 ಮಂದಿಯನ್ನು ಬಲಿ ತೆಗೆದುಕೊಂಡಿತ್ತೆಂದು ಲೆಕ್ಕ ಸಿಕ್ಕಿದ್ದ ಹೆಣ್ಣುಹುಲಿಯೊಂದನ್ನು ಅದರ ಕಣಿವೆಯಿಂದ ಹೊರಡಿಸಲು ಆ ಊರಿನ ತಹಸೀಲ್ದಾರರೂ ಮುನ್ನೂರರಷ್ಟು ಹಳ್ಳಿಗರೂ ಬೆಟ್ಟದ ಏಣಿನ ಮೇಲೆ ನೆರೆದಿದ್ದರು. ಕೆಳಗೆ ಕಾದು ಕುಳಿತಿದ್ದವರು ಜಿಮ್ ಕಾರ್ಬೆಟ್. ಅವರ ಬಳಿ ಇದ್ದುದು ಮೂರೇ ಮೂರು ತೋಟಾ. ಹುಲಿಗೆ ಹೊಡೆಯಲು ಅವಕಾಶ ಸಿಕ್ಕಿದರೆ ಎರಡು ಈಡು ಸಿಕ್ಕೀತು, ಮೂರನೆಯದು ಆಪತ್ತಿಗೆಂದು ಇರಲಿ ಎಂಬುದು ಅವರ ಎಣಿಕೆಯಾಗಿತ್ತು. ಎಣಿಕೆ ತಪ್ಪಿತು. ಮೂರೂ ಮುಗಿದವು, ಗಾಯಗೊಂಡ ಹುಲಿ ಇನ್ನೂ ಬದುಕಿತ್ತು.

ಕಾರ್ಬೆಟ್ಟರು ಬೆಟ್ಟವೇರಿ ಓಡಿ, ತಹಸೀಲ್ದಾರರ ಕೈಯಲ್ಲಿದ್ದ ಚರೆಕೋವಿಯನ್ನು ಕಸಿದುಕೊಂಡು ಮರಳಿ ಕೆಳಗಿಳಿದರು. ಆ ಕೋವಿಯ ನಳಿಗೆಗೂ ಅದರ ಹಿಂಬದಿಗೂ ನಡುವೆ ಬೆಳಕು ಕಾಣುವಷ್ಟು ಬಿರುಕಿತ್ತೆಂಬುದು ಹತ್ತಿರ ಹೋದ ಮೇಲೆ ತಿಳಿಯಿತು. ಇಪ್ಪತ್ತೇ ಅಡಿ ದೂರದಲ್ಲಿ ಬಂಡೆಯ ಮೇಲೆ ನಿಂತು ಗರ್ಜಿಸುತ್ತಿದ್ದ ಹುಲಿಯ ತೆರೆದ ಬಾಯಿಗೆ ಗುರಿಯಿಟ್ಟು ಹೊಡೆದರು. ಗುಂಡು ಬಾಯಿಗೆ ಬೀಳಲಿಲ್ಲ. ಮುಂಗಾಲಿನ ಪಂಜಕ್ಕೆ ತಾಗಿತ್ತು. ಹುಲಿ ಸತ್ತಿತು, ಆದರೆ ಆ ಗುಂಡಿನಿಂದಲ್ಲ. ಮೊದಲು ತಗುಲಿದ್ದ ರೈಫಲಿನ ಗುಂಡುಗಳ ಗಾಯ ಅಷ್ಟರಲ್ಲಿ ತನ್ನ ಕೆಲಸವನ್ನು ಮುಗಿಸಿತ್ತು. ಬೇಟೆಗಾರನ ಕೈ ನಡುಗಿರಲಿಲ್ಲ, ಕಣ್ಣು ತಪ್ಪಿರಲಿಲ್ಲ. ಅವನು ನೋಡಿದ ಕಡೆಗೆ ಗುಂಡು ಹೋಗಲಿಲ್ಲ, ಅಷ್ಟೆ.

ಬೇಟೆಯ ಕಥೆಗಳಲ್ಲಿ ಧೈರ್ಯದ ಮಾತು ಹೇರಳ. ಕೋವಿಯ ವರ್ಣನೆಗೂ ಕೊರತೆಯಿಲ್ಲ. ಆದರೆ ಆ ಕೋವಿಯೊಳಗೆ ಹೋಗುವ ತೋಟಾದ ವಿಚಾರವನ್ನು ಕೇಳುವವರು ಕಡಿಮೆ. ಕೇಪಿನ ಕೋವಿಯ ಕಾಲದಲ್ಲಿ ಮಲೆನಾಡಿನ ಈಡುಗಾರನಿಗೆ ಈ ಚಿಂತೆ ಬೇರೆ ರೂಪದಲ್ಲಿತ್ತು. ಮದ್ದನ್ನು ಅಳೆದು ಸುರಿಯುವವನೂ ಅವನೇ, ಕತ್ತವನ್ನು ಗಜದಿಂದ ಜಡಿಯುವವನೂ ಅವನೇ. ಹಂದಿಗೆ ಇಷ್ಟು, ಕಡವೆಗೆ ಇಷ್ಟು ಎಂಬ ಅಳತೆ ಅವನ ಬೆರಳ ತುದಿಯಲ್ಲಿರುತ್ತಿತ್ತು. ಈಡು ಹುಸಿ ಹೋದರೆ ತನ್ನನ್ನೇ ಬೈದುಕೊಳ್ಳಬೇಕು. ಕಾರ್ಖಾನೆಯ ತೋಟಾ ಬಂದ ಮೇಲೆ ಆ ಕೆಲಸವೆಲ್ಲ ಸಾವಿರಾರು ಮೈಲಿ ದೂರದಲ್ಲಿ, ಆನೆಯನ್ನೇ ಕಾಣದ ಜನರ ಕೈಗೆ ಹೋಯಿತು. ಬೇಟೆಗಾರನಿಗೆ ಉಳಿದದ್ದು ಒಂದೇ ಕೆಲಸ: ಆರಿಸಿಕೊಳ್ಳುವುದು. ಅದು ಸಣ್ಣ ಕೆಲಸವಲ್ಲ.

ಹೊರನೋಟಕ್ಕೆ ತೋಟಾದಷ್ಟು ಸರಳವಾದ ವಸ್ತು ಇನ್ನೊಂದಿಲ್ಲ. ಹಿತ್ತಾಳೆಯ ಒಂದು ಕೊಳವೆ, ಅದರ ಬುಡದಲ್ಲಿ ಕೇಪು, ಒಳಗೆ ಮದ್ದು, ಬಾಯಲ್ಲಿ ಗುಂಡು. ದೊಡ್ಡ ಬೇಟೆಯ ಕೋವಿಗಳಲ್ಲಿ ಗುಂಡಿನ ತೂಕ ಅಲ್ಪವಲ್ಲ, ಆನೆಗೆಂದೇ ಹೆಸರಾದ.470 ಕೋವಿಯ ಗುಂಡು 500 ಗ್ರೇನ್ ತೂಗುತ್ತದೆ. 180 ಗ್ರೇನಿಗೆ ಒಂದು ತೊಲೆಯಾದ್ದರಿಂದ, ಅದು ಪೂರಾ ಮೂರು ತೊಲೆಗೆ ಸ್ವಲ್ಪವೇ ಕಡಿಮೆ. ಇಷ್ಟು ತೂಕದ ಲೋಹ ಕ್ಷಣಕ್ಕೆ 2,150 ಅಡಿ ವೇಗದಲ್ಲಿ ನಳಿಗೆಯಿಂದ ಹೊರಬೀಳುವಾಗ ಕೋವಿ ಸುಮ್ಮನಿರಲು ಸಾಧ್ಯವೇ? ವೀಣೆಯ ತಂತಿಯನ್ನು ಮೀಟಿದಂತೆ ನಳಿಗೆ ಉದ್ದಕ್ಕೂ ಅದುರುತ್ತದೆ. ಅದರ ಬಾಯಿ ಕೂದಲೆಳೆಯಷ್ಟು ಮೇಲಕ್ಕೂ ಕೆಳಕ್ಕೂ ಆಡುತ್ತದೆ. ಆ ಆಟದ ಯಾವ ಘಳಿಗೆಯಲ್ಲಿ ಗುಂಡು ಬಾಯಿ ದಾಟುತ್ತದೆಯೋ ಅದರ ಮೇಲೆ ಅದರ ದಾರಿ ನಿಂತಿದೆ.

ತೋಟಾದಿಂದ ತೋಟಾಕ್ಕೆ ವೇಗ ಒಂದೇ ಸಮನಾಗಿದ್ದರೆ ಪ್ರತಿಯೊಂದು ಗುಂಡೂ ನಳಿಗೆಯ ಅದೇ ಓಲಾಟದಲ್ಲಿ ಹೊರಟು ಅದೇ ಜಾಗಕ್ಕೆ ಬೀಳುತ್ತದೆ. ಒಂದರಲ್ಲಿ ಮದ್ದು ತುಸು ಹೆಚ್ಚು, ಇನ್ನೊಂದರಲ್ಲಿ ಗುಂಡು ತುಸು ಓರೆ, ಮತ್ತೊಂದರಲ್ಲಿ ಹಿತ್ತಾಳೆಯ ಕತ್ತು ಒಂದು ಪಕ್ಕ ದಪ್ಪ ಎಂದಾದರೆ ಗುಂಡುಗಳು ಚದರುತ್ತವೆ. ಇದಕ್ಕೆ ಕೋವಿಯ ಗುಣವೂ ಸೇರಿಕೊಳ್ಳುತ್ತದೆ. ನಳಿಗೆಯೊಳಗಿನ ಸುರುಳಿ ಗೀರುಗಳು ಎಷ್ಟು ಅಂಗುಲಕ್ಕೆ ಒಂದು ಸುತ್ತು ತಿರುಗುತ್ತವೆ, ಗುಂಡು ಆ ಗೀರುಗಳನ್ನು ಮುಟ್ಟುವ ಮೊದಲು ಎಷ್ಟು ದೂರ ಜಿಗಿಯಬೇಕು, ಮರದ ದಿಂಡು ಲೋಹದ ಮೈಯನ್ನು ಎಲ್ಲೆಲ್ಲಿ ಒತ್ತುತ್ತದೆ, ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಆದ್ದರಿಂದಲೇ ಒಂದೇ ಕಾರ್ಖಾನೆಯಲ್ಲಿ ಒಂದೇ ವಾರ ತಯಾರಾದ ಎರಡು ರೈಫಲುಗಳು ಒಂದೇ ಡಬ್ಬಿಯ ತೋಟಾಗಳಿಂದ ಬೇರೆ ಬೇರೆ ಫಲ ಕೊಡುವುದುಂಟು. ಒಂದು ಬಸಿರಿನಲ್ಲಿ ಹುಟ್ಟಿದ ಅಣ್ಣತಮ್ಮಂದಿರಲ್ಲಿ ಒಬ್ಬನಿಗೆ ರಾಗಿ ಹಿಡಿಸಿ ಇನ್ನೊಬ್ಬನಿಗೆ ಹಿಡಿಸದಿದ್ದಂತೆ! ‘ಈ ತೋಟಾ ಒಳ್ಳೆಯದೆ?’ ಎಂದು ಕೇಳುವವನಿಗೆ ‘ಯಾವ ಕೋವಿಗೆ?’ ಎಂದು ಮರುಪ್ರಶ್ನೆ ಹಾಕುವುದೇ ಸರಿಯಾದ ಉತ್ತರ.

ಜೋಡುನಳಿಗೆಯ ಹಟ

ಈ ಮಾತು ಎಲ್ಲಕ್ಕಿಂತ ಸ್ಪಷ್ಟವಾಗಿ ಕಾಣುವುದು ಜೋಡುನಳಿಗೆಯ ರೈಫಲಿನಲ್ಲಿ. ಒಂದು ಕಾಲಕ್ಕೆ ಇಂಡಿಯಾ ಮತ್ತು ಆಫ್ರಿಕಗಳ ಬೇಟೆಗಾರರಿಗೆ ಅದೇ ಪಟ್ಟದ ಕೋವಿ. ಎರಡು ನಳಿಗೆಗಳನ್ನು ಪಕ್ಕಪಕ್ಕದಲ್ಲಿಟ್ಟು ಬೆಸೆದ ಮಾತ್ರಕ್ಕೆ ಅವು ಒಂದೇ ಜಾಗಕ್ಕೆ ಹೊಡೆಯುವುದಿಲ್ಲ. ಬಲನಳಿಗೆ ಸಿಡಿದಾಗ ಕೋವಿ ಮೇಲಕ್ಕೂ ಬಲಕ್ಕೂ ಕುಪ್ಪಳಿಸುತ್ತದೆ, ಎಡದ್ದು ಸಿಡಿದಾಗ ಎಡಕ್ಕೆ. ಅದನ್ನು ಸರಿದೂಗಿಸಲು ನಳಿಗೆಗಳ ಬಾಯಿಗಳನ್ನು ತುಸುವೇ ಒಳಮುಖವಾಗಿ ಕೂಡಿಸುತ್ತಾರೆ. ಎಷ್ಟು ಒಳಮುಖ ಎಂಬುದಕ್ಕೆ ಪುಸ್ತಕದ ಲೆಕ್ಕವಿಲ್ಲ. ಕುಶಲಿಯು ಗುರಿಹಲಗೆಗೆ ಹೊಡೆದು ನೋಡುತ್ತಾನೆ. ಬಾಯ ಬಳಿಯ ಬೆಸುಗೆಯನ್ನು ಕಾಯಿಸಿ ಸಡಿಲಿಸಿ, ನಡುವಿನ ಬೆಣೆಯನ್ನು ಎಳ್ಳಷ್ಟು ಸರಿಸಿ, ಮತ್ತೆ ಬೆಸೆದು, ಮತ್ತೆ ಹೊಡೆಯುತ್ತಾನೆ. ಎರಡೂ ನಳಿಗೆಗಳ ಗುಂಡು ಒಂದೆಡೆ ಕೂಡುವವರೆಗೆ ಈ ತಪಸ್ಸು ನಡೆಯುತ್ತದೆ. ಇಂಗ್ಲೆಂಡಿನ ಹೆಸರಾಂತ ಕೋವಿಗಳ ಬೆಲೆಯಲ್ಲಿ ಕೆತ್ತನೆಯ ಪಾಲಿಗಿಂತ ಈ ಬೆಣೆಯ ಪಾಲೇ ನ್ಯಾಯವಾದದ್ದು.

ಇಷ್ಟೆಲ್ಲ ಪರಿಶ್ರಮ ಒಂದು ನಿರ್ದಿಷ್ಟ ತೋಟಾಕ್ಕಾಗಿ. .470ಕ್ಕೆ 75 ಗ್ರೇನ್ ಕಾರ್ಡೈಟ್ ಮದ್ದು, 500 ಗ್ರೇನ್ ಗುಂಡು ಎಂದರೆ ಅಷ್ಟೇ. ಅದೇ ಕೋವಿಗೆ ಹಗುರವಾದ ಗುಂಡಿನ ಅಥವಾ ಚುರುಕಾದ ಮದ್ದಿನ ತೋಟಾವನ್ನು ತುಂಬಿದರೆ ಒಂದು ನಳಿಗೆ ಎಡಕ್ಕೆ, ಇನ್ನೊಂದು ಬಲಕ್ಕೆ ಹೊಡೆದು, 100 ಗಜ ದೂರದಲ್ಲಿ ಎರಡು ಗುಂಡುಗಳ ನಡುವೆ ಗೇಣುಗಟ್ಟಲೆ ಅಂತರ ಬಿದ್ದರೂ ಬಿದ್ದೀತು. ಕೋವಿಗೆ ದೋಷವಿಲ್ಲ, ತೋಟಾಕ್ಕೂ ದೋಷವಿಲ್ಲ. ಇಬ್ಬರಿಗೂ ಜಾತಕ ಕೂಡಿಲ್ಲ. ಹಳೆಯ ಕೋವಿಗಳ ನಳಿಗೆಯ ಮೇಲೆ ಮದ್ದಿನ ತೂಕ, ಗುಂಡಿನ ತೂಕಗಳ ಮುದ್ರೆಯೊತ್ತಿರುತ್ತದೆ. ಅಂಥ ಕೋವಿ ಕೈಗೆ ಬಂದವನು ಮೊದಲು ಓದಬೇಕಾದದ್ದು ಅದನ್ನು.

.470 ಹುಟ್ಟಿದ ಕಥೆಗೂ ನಮ್ಮ ದೇಶಕ್ಕೂ ನಂಟಿದೆ. 1898ರಲ್ಲಿ ರಿಗ್ಬಿ ಕಂಪನಿಯವರು ಹೊಗೆಯಿಲ್ಲದ ಕಾರ್ಡೈಟ್ ಮದ್ದಿನ .450 ತೋಟಾವನ್ನು ಹೊರತಂದರು. ಅದು ಬಂದ ಮೇಲೆ, ಹೊರಲು ಆಳು ಬೇಕಾಗುತ್ತಿದ್ದ ಕರಿಮದ್ದಿನ ಫಿರಂಗಿಯಂಥ 8 ಬೋರು, 4 ಬೋರು ಕೋವಿಗಳು ಮೂಲೆ ಸೇರಿದವು. ಆದರೆ ಗಡಿನಾಡಿನಲ್ಲಿ ಬ್ರಿಟಿಷರ ವಿರುದ್ಧ ಕಾದುತ್ತಿದ್ದವರ ಕೈಯಲ್ಲಿ ಸೈನ್ಯದ ಹಳೆಯ ಮಾರ್ಟಿನಿ-ಹೆನ್ರಿ ರೈಫಲುಗಳಿದ್ದವು; ಅವುಗಳ ನಳಿಗೆಯೂ .450 ಅಳತೆಯದೇ. ಬೇಟೆಯ ಗುಂಡು ಬಂಡಾಯದ ಗುಂಡಾದೀತೆಂಬ ಭಯದಿಂದ 1907ರ ಸುಮಾರಿಗೆ ಸರ್ಕಾರ ಇಂಡಿಯಾ ಮತ್ತು ಸೂಡಾನ್‌ಗಳಿಗೆ .450 ತೋಟಾಗಳು ಬಾರದಂತೆ ತಡೆಯಿತು. ಕೋವಿ ತಯಾರಕರು ಸುಮ್ಮನಿರಲಿಲ್ಲ. .465, .470, .475 ಎಂದು ಕೂದಲೆಳೆಯ ಅಂತರದ ಹೊಸ ಅಳತೆಗಳು ಸಾಲುಸಾಲಾಗಿ ಹುಟ್ಟಿಕೊಂಡವು. ಒಂದು ಸರ್ಕಾರಿ ಹುಕುಮಿನಿಂದ ಬೇಟೆಯ ಪೇಟೆಯೇ ಹೊರಳಿದ ನಿದರ್ಶನ ಇನ್ನೊಂದು ದೊರೆಯಲಾರದು.

ಕಾರ್ಡೈಟಿನದು ಬೇರೆ ತಾಪತ್ರಯ. 1889ರಲ್ಲಿ ಬೆಳಕಿಗೆ ಬಂದ ಈ ಮದ್ದು ನೋಡಲು ಒಣ ಶ್ಯಾವಿಗೆಯ ಕಟ್ಟು. ಅದರಲ್ಲಿರುವ ನೈಟ್ರೋಗ್ಲಿಸರಿನ್ ಬಿಸಿಲಿಗೆ ಕೆರಳುತ್ತದೆ. ಇಂಗ್ಲೆಂಡಿನ ಚಳಿಯಲ್ಲಿ ಹದವಾಗಿ ನಡೆದ ತೋಟಾ ಏಪ್ರಿಲ್ ತಿಂಗಳ ಮಧ್ಯಾಹ್ನದಲ್ಲಿ ಹೆಚ್ಚಿನ ಒತ್ತಡ ಹುಟ್ಟಿಸಿ, ಹಿತ್ತಾಳೆಯ ಕೊಳವೆಯನ್ನು ಕೋವಿಯ ಗೂಡಿಗೆ ಅಂಟಿಸಿಬಿಡುತ್ತಿತ್ತು. ಮೊದಲ ಈಡು ಹೋಯಿತು. ಎರಡನೆಯದಕ್ಕೆ ಕೊಳವೆ ಹೊರಬಾರದು. ಎದುರಿಗೆ ಕೆರಳಿದ ಕಾಟಿ. ಆದಕಾರಣ ಉಷ್ಣದೇಶಗಳಿಗೆಂದು ಕೆಲವು ಗ್ರೇನ್ ಮದ್ದು ಇಳಿಸಿದ ತೋಟಾಗಳನ್ನೇ ಬೇರೆಯಾಗಿ ಮಾಡಿ ಕಳುಹಿಸುತ್ತಿದ್ದರು. 1911ರಲ್ಲಿ ರಿಗ್ಬಿಯವರು .416 ತೋಟಾಕ್ಕೆ ಅಷ್ಟು ದೊಡ್ಡ ಹೊಟ್ಟೆಯನ್ನಿಟ್ಟುದೂ ಇದೇ ಉದ್ದೇಶದಿಂದ. ಜಾಗ ಹೆಚ್ಚಿದಷ್ಟೂ ಒತ್ತಡ ಕಡಿಮೆ. ಈಗಿನ ಮದ್ದುಗಳು ಬಿಸಿಲಿಗೆ ಅಷ್ಟು ಬೆದರುವುದಿಲ್ಲ. ಆದರೂ ತೋಟಾಗಳನ್ನು ಜೀಪಿನ ಮುಂಗಾಜಿನ ಕೆಳಗೆ ಕಾಯಲು ಬಿಡುವವನು ಅನುಭವವಿಲ್ಲದವನೆಂದೇ ತಿಳಿಯಬೇಕು.

ಬೆಲ್ ಆರಿಸಿದ ಒಂದು ತೊಲೆ

ತೋಟಾವನ್ನು ಆರಿಸುವುದರಲ್ಲಿ ಯಾರನ್ನಾದರೂ ಗುರುವೆಂದು ಕರೆಯಬಹುದಾದರೆ ಅವನು ಸ್ಕಾಟ್ಲೆಂಡಿನ ವಾಲ್ಟರ್ ಬೆಲ್. 1880ರಲ್ಲಿ ಹುಟ್ಟಿ 1954ರಲ್ಲಿ ತೀರಿಕೊಂಡ ಈತ ಯುಗಾಂಡದ ಕರಮೋಜ ಸೀಮೆಯಲ್ಲಿ ಅಲೆದು ‘ಕರಮೋಜೋ ಬೆಲ್’ ಎಂದು ಹೆಸರಾದ. ದಂತದ ಆಸೆಗಾಗಿ ಅವನು ಕೆಡವಿದ ಆನೆಗಳ ಸಂಖ್ಯೆ 1,011. ಇಂದು ಕೇಳಿದರೆ ಮೈ ನಡುಗುವ ಲೆಕ್ಕ ಇದು; ಆ ಕಾಲದಲ್ಲಿ ಇದೊಂದು ಉದ್ಯೋಗವಾಗಿತ್ತು. ವಿಸ್ಮಯದ ಸಂಗತಿಯೆಂದರೆ, ಇವುಗಳಲ್ಲಿ ಸುಮಾರು 800 ಆನೆಗಳನ್ನು ಅವನು ಹೊಡೆದದ್ದು .275 ರಿಗ್ಬಿ ರೈಫಲಿನಿಂದ. ಹೆಸರು ಬೇರೆಯಾದರೂ ಅದರ ತೋಟಾ ಜರ್ಮನಿಯ 7 ಮಿಲಿಮೀಟರ್ ಮೌಸರ್ ತೋಟಾವೇ. ಅದರ ಗುಂಡಿನ ತೂಕ 173 ಗ್ರೇನ್, ಒಂದು ತೊಲೆಗೂ ಕಡಿಮೆ. ಇತರರು ಮೂರು ತೊಲೆಯ ಗುಂಡಿನಿಂದ ಮಾಡುತ್ತಿದ್ದುದನ್ನು ಬೆಲ್ ಒಂದು ತೊಲೆಯಿಂದ ಮಾಡಿದ.

ಇದರಲ್ಲಿ ಮಂತ್ರವಿಲ್ಲ. ಸತ್ತ ಆನೆಯ ತಲೆಬುರುಡೆಯನ್ನು ಗರಗಸದಿಂದ ಕೊಯ್ದು, ಜೇನುಹಟ್ಟಿಯಂಥ ಮೂಳೆಯ ರಾಶಿಯ ನಡುವೆ ಮಿದುಳು ಎಲ್ಲಿ ಅಡಗಿದೆಯೆಂದು ಅವನು ನೋಡಿ ತಿಳಿದುಕೊಂಡ. ಆನೆಯ ಮಿದುಳು ಐದು ಕಿಲೋ ತೂಗಿದರೂ ಆ ಭಾರಿ ತಲೆಯಲ್ಲಿ ಅದು ಚಿಕ್ಕ ಗುರಿಯೇ. ಅಲ್ಲಿಗೆ ತಲುಪಲು ಗುಂಡು ದೊಡ್ಡದಾಗಿರುವುದಕ್ಕಿಂತ ನೇರವಾಗಿ ಹೋಗುವುದು ಮುಖ್ಯ. ಮೂಳೆಗೆ ತಾಗಿ ಚಪ್ಪಟೆಯಾಗಬಾರದು, ಬಾಗಬಾರದು. ಅವನ ಗುಂಡು ಮೊಂಡುಮೂತಿಯದು, ಉದ್ದನೆಯದು, ಮೂತಿಯವರೆಗೂ ಗಟ್ಟಿ ಲೋಹದ ಹೊದಿಕೆಯುಳ್ಳದ್ದು.

ಆದರೆ ಅವನನ್ನು ಈ ತೋಟಾಕ್ಕೆ ಕಟ್ಟಿಹಾಕಿದ ಇನ್ನೊಂದು ಕಾರಣವನ್ನು ಬಹಳ ಜನ ಮರೆಯುತ್ತಾರೆ. ಬೆಲ್‌ಗೆ ಇದಕ್ಕಿಂತಲೂ ಹಗುರವಾದ ಮಾನ್ಲಿಕರ್ ರೈಫಲು ಬಲು ಮೆಚ್ಚಿಕೆಯಾಗಿತ್ತು. ಅದನ್ನು ಅವನು ಬದಿಗಿಟ್ಟದ್ದು ಅದಕ್ಕೆ ನಂಬಿಕೆಯ ತೋಟಾ ಸಿಕ್ಕದೆ ಹೋದುದರಿಂದ. ರೈಲುದಾರಿಯಿಂದ ತಿಂಗಳ ನಡಿಗೆಯ ಆಚೆ, ತೋಟಾವೊಂದು ಸೀಳಿದರೆ ಅಥವಾ ಕೇಪು ಹೊತ್ತದಿದ್ದರೆ ಅಂಗಡಿಗೆ ಹಿಂದಿರುಗಿಸಿ ಬರಲು ಸಾಧ್ಯವಿಲ್ಲ. 7 ಮಿಲಿಮೀಟರಿನ ಜರ್ಮನ್ ತೋಟಾಗಳು ಪೆಟ್ಟಿಗೆಯ ಮೇಲೆ ಪೆಟ್ಟಿಗೆ ಒಂದೇ ಸಮನಾಗಿ ನಡೆದವು. ಅವನು ಅವನ್ನು ಬಿಡಲಿಲ್ಲ. ಕೋವಿಗಾಗಿ ತೋಟಾವನ್ನು ಹುಡುಕುವವರೇ ಲೋಕದಲ್ಲಿ ಹೆಚ್ಚು. ಬೆಲ್ ತೋಟಾವನ್ನು ನೋಡಿ ಕೋವಿಯನ್ನು ಆರಿಸಿದ.

ಬೆಲ್‌ನ ಮಾತು ಕೇಳಿ .275 ಹಿಡಿದು ಆನೆಯ ಮುಂದೆ ನಿಂತು ಸತ್ತವರ ಲೆಕ್ಕವನ್ನು ಯಾರೂ ಬರೆದಿಟ್ಟಿಲ್ಲ. ಅವನ ಕೈಯೂ ನಿಧಾನವೂ ಎಲ್ಲರಿಗೆ ಬಾರವು. ಇಂದು ಆಫ್ರಿಕದ ಹಲವು ದೇಶಗಳಲ್ಲಿ ಆನೆ, ಕಾಡೆಮ್ಮೆಗಳ ಬೇಟೆಗೆ .375ಕ್ಕಿಂತ ಸಣ್ಣ ಕೋವಿಯನ್ನು ಒಯ್ಯಲು ಕಾನೂನೇ ಬಿಡುವುದಿಲ್ಲ. ಅದು ಯೋಗ್ಯವಾದ ಕಾನೂನು.

ಕಾಗದದ ವೇಗ, ಕಾಡಿನ ವೇಗ

ಕಾರ್ಖಾನೆಯ ಡಬ್ಬಿಯ ಮೇಲೆ ಅಚ್ಚಾದ ಅಂಕಿಯನ್ನು ವೇದವಾಕ್ಯವೆಂದು ನಂಬಿದವರಿಗೆ 1956ರ ನಂತರ ಪಾಠವೊಂದು ಕಾದಿತ್ತು. ಆ ವರ್ಷ ಅಮೆರಿಕದ ವಿಂಚೆಸ್ಟರ್ ಕಂಪನಿ .458 ಮ್ಯಾಗ್ನಮ್ ಎಂಬ ತೋಟಾವನ್ನೂ ಅದಕ್ಕೆ ತಕ್ಕ ಒಂಟಿನಳಿಗೆಯ ರೈಫಲನ್ನೂ ಹೊರತಂದಿತು. 500 ಗ್ರೇನ್ ಗುಂಡು, ಕ್ಷಣಕ್ಕೆ 2,130 ಅಡಿ ವೇಗ. ಜೋಡುನಳಿಗೆಯ ಶಕ್ತಿ ಸಾಮಾನ್ಯನ ಬೆಲೆಗೆ! ಆಫ್ರಿಕದ ಬೇಟೆಗಾರರೂ ವನಪಾಲಕರೂ ಮುಗಿಬಿದ್ದು ಕೊಂಡರು. ಇಂಗ್ಲೆಂಡಿನ ಕೈನಾಕ್ ಕಾರ್ಖಾನೆಯ ದೊಡ್ಡ ತೋಟಾಗಳು 1960ರ ದಶಕದಲ್ಲಿ ಒಂದೊಂದಾಗಿ ನಿಂತುಹೋಗುತ್ತಿದ್ದಾಗ ಅವರಿಗೆ ಬೇರೆ ಗತಿಯೂ ಇರಲಿಲ್ಲ.

ತೊಡಕು ಇದ್ದುದು ಜಾಗದಲ್ಲಿ. ಮ್ಯಾಗಜಿನ್ನಿನಲ್ಲಿ ಹಿಡಿಸಬೇಕೆಂದು ತೋಟಾವನ್ನು ಗಿಡ್ಡವಾಗಿ ಮಾಡಿದ್ದರಿಂದ ಮದ್ದನ್ನು ಅದುಮಿ ತುಂಬಬೇಕಾಗಿತ್ತು. ವರ್ಷಗಟ್ಟಲೆ ಬಿಸಿಲುನಾಡಿನಲ್ಲಿ ಬಿದ್ದಿದ್ದ ತೋಟಾಗಳಲ್ಲಿ ಆ ಮದ್ದು ಹೆಪ್ಪುಗಟ್ಟಿ ಗಂಟಾಗುತ್ತಿತ್ತು, ಪೂರ್ತಿ ಉರಿಯುತ್ತಿರಲಿಲ್ಲ. ವೇಗವನ್ನು ಯಂತ್ರವಿಟ್ಟು ಅಳೆದವರಿಗೆ 2,000 ಅಡಿಗೂ ಕಡಿಮೆ ಬಂದುದುಂಟು. ಕೆಲವು ತೋಟಾಗಳು ಢಂ ಎನ್ನುವ ಬದಲು ಟುಸ್ ಎಂದವು. ಗುರಿಹಲಗೆಯ ಮುಂದೆ ಹೀಗಾದರೆ ನಗಬಹುದು. ಗಾಯಗೊಂಡ ಕಾಡೆಮ್ಮೆ ತಲೆ ತಗ್ಗಿಸಿ ಬರುತ್ತಿರುವಾಗ ಹೀಗಾದರೆ ನಗುವವರಿರುವುದಿಲ್ಲ.

ಜ್ಯಾಕ್ ಲಾಟ್ ಎಂಬ ಅಮೆರಿಕದ ಬೇಟೆಗಾರ 1959ರಲ್ಲಿ ಮೊಜಾಂಬಿಕಿನಲ್ಲಿ .458 ಹಿಡಿದು ಹೋಗಿ ಕಾಡೆಮ್ಮೆಯ ಕೊಂಬಿಗೆ ಸಿಕ್ಕಿ ಬದುಕಿಬಂದ. ಗುಂಡು ತಾಗಿದ್ದರೂ ಪ್ರಾಣಿ ಬಿದ್ದಿರಲಿಲ್ಲ. ಹಾಸಿಗೆ ಹಿಡಿದವನ ಸಿಟ್ಟು ವ್ಯರ್ಥವಾಗಲಿಲ್ಲ. ಆ ತೋಟಾದ ಕೊಳವೆಗೆ ಇನ್ನಷ್ಟು ಉದ್ದವನ್ನು ಕೊಟ್ಟು, ಮದ್ದಿಗೆ ಜಾಗ ಮಾಡಿ, ಅವನು ರೂಪಿಸಿದ ತೋಟಾ ಇಂದು.458 ಲಾಟ್ ಎಂಬ ಅವನ ಹೆಸರಿನಲ್ಲೇ ಕಾರ್ಖಾನೆಗಳಿಂದ ಬರುತ್ತದೆ. ವಿಂಚೆಸ್ಟರಿನವರೂ ಮದ್ದನ್ನು ಬದಲಿಸಿ ತಮ್ಮ ತೋಟಾದ ದೋಷವನ್ನು ನೀಗಿಕೊಂಡರು. ಈಗಿನ .458ಕ್ಕೆ ಆ ಹಳೆಯ ಅಪವಾದವನ್ನು ಹೊರಿಸುವುದು ನ್ಯಾಯವಲ್ಲ. ಆದರೆ ಯಾರದೋ ಅಟ್ಟದ ಮೇಲಿನ ಹಳೆಯ ಡಬ್ಬಿ ಅಗ್ಗವಾಗಿ ಸಿಕ್ಕಿತೆಂದು ಕಾಡಿಗೆ ಒಯ್ಯುವುದೂ ಜಾಣತನವಲ್ಲ.

ಹಾಗಾದರೆ ಆರಿಸುವ ಬಗೆ ಯಾವುದು? ಬಲ್ಲ ಬೇಟೆಗಾರರ ಪದ್ಧತಿ ಹೀಗಿದೆ. ಮೊದಲು ಬೇಟೆಯ ಪ್ರಾಣಿಗೆ ತಕ್ಕ ಗುಂಡಿನ ತೂಕವನ್ನೂ ಜಾತಿಯನ್ನೂ ನಿಶ್ಚಯಿಸಿಕೊಂಡು, ಅದೇ ತೂಕದಲ್ಲಿ ಮೂರು ನಾಲ್ಕು ಕಾರ್ಖಾನೆಗಳ ಒಂದೊಂದು ಡಬ್ಬಿಯನ್ನು ಮಾತ್ರ ಕೊಳ್ಳುತ್ತಾರೆ. ಗಾಳಿ ಮಲಗಿರುವ ಬೆಳಗಿನ ಹೊತ್ತು, ಮೇಜಿನ ಮೇಲೆ ಮರಳು ಚೀಲಗಳನ್ನಿಟ್ಟು, ಕೋವಿಯನ್ನು ಅದರ ಮೇಲೊರಗಿಸಿ, ಮೊದಲು 25 ಗಜದಲ್ಲಿ, ಬಳಿಕ 100 ಗಜದಲ್ಲಿ ಹಲಗೆಗೆ ಹೊಡೆಯುತ್ತಾರೆ. ಒಂದು ಜಾತಿಯ ಮೂರು ತೋಟಾ, ನಳಿಗೆ ಆರುವವರೆಗೆ ವಿಶ್ರಾಂತಿ, ಮತ್ತೆ ಮೂರು. ಜಾತಿ ಬದಲಿಸುವಾಗ ನಳಿಗೆಯನ್ನು ತೊಳೆದು, ಒಂದು ಗುಂಡನ್ನು ಲೆಕ್ಕಕ್ಕಿಲ್ಲದೆ ಹಾರಿಸಿ, ಅನಂತರ ಪರೀಕ್ಷೆ. ತೊಳೆದ ನಳಿಗೆಯ ಮೊದಲ ಗುಂಡು ಬಹುಮಟ್ಟಿಗೆ ಸೋದರರ ಜೊತೆ ಕೂಡುವುದಿಲ್ಲ. ಹೀಗಿದ್ದರೂ ಕಾಡಿನಲ್ಲಿ ಬೇಟೆಯನ್ನು ನಿರ್ಣಯಿಸುವುದು ತಣ್ಣಗಿರುವ ನಳಿಗೆಯ ಮೊದಲ ಗುಂಡೇ. ಆದ್ದರಿಂದ ಅದು ಎಲ್ಲಿ ಬಿತ್ತೆಂದು ಬೇರೆ ಗುರುತಿಟ್ಟುಕೊಳ್ಳುತ್ತಾರೆ.

ಮೂರು ಗುಂಡು ಒಂದು ರೂಪಾಯಿ ನಾಣ್ಯದ ಅಗಲದಲ್ಲಿ ಕೂಡಿತೆಂದು ಹಲಗೆಯನ್ನು ಬಿಚ್ಚಿ ಗೋಡೆಗೆ ತೂಗುಹಾಕುವವರಿದ್ದಾರೆ. ಮೂರು ಗುಂಡು ಅದೃಷ್ಟದಿಂದಲೂ ಕೂಡುತ್ತವೆ. ಒಂದೇ ಜಾತಿಯ ಮೂರು ನಾಲ್ಕು ಹಲಗೆಯ ಕಾಗದಗಳನ್ನು ಒಂದರ ಮೇಲೊಂದಿಟ್ಟು ಬೆಳಕಿಗೆ ಹಿಡಿದರೆ ನಿಜ ಹೊರಬೀಳುತ್ತದೆ. ಎಲ್ಲ ತೂತುಗಳೂ ಒಂದೆಡೆ ಸೇರಿದ್ದರೆ ಆ ತೋಟಾವನ್ನು ನಂಬಬಹುದು. ಪ್ರತಿ ಕಾಗದದಲ್ಲೂ ಗುಂಪು ಚಿಕ್ಕದಾಗಿದ್ದು ಆ ಗುಂಪುಗಳೇ ಅತ್ತಿತ್ತ ಅಲೆದಿದ್ದರೆ ನಂಬಲಾಗದು.

ಎಷ್ಟು ನಿಖರತೆ ಸಾಕು? ಈ ಪ್ರಶ್ನೆಯಲ್ಲಿ ಬಹಳ ಡಂಭವಿದೆ. ಕೋನದ ಒಂದು ನಿಮಿಷವೆಂದರೆ 100 ಗಜಕ್ಕೆ 1.047 ಅಂಗುಲ. ದೂರದ ಜಿಂಕೆಗೆ ಹೊಡೆಯುವವನಿಗೆ ಆ ಒಂದು ಅಂಗುಲದ ಬೆನ್ನುಹತ್ತುವುದು ಒಪ್ಪುವ ಮಾತು. ಕಾಡೆಮ್ಮೆಯನ್ನು ಹೊಡೆಯುವುದು ಸಾಮಾನ್ಯವಾಗಿ 100 ಗಜದೊಳಗೆ, ಎಷ್ಟೋ ಸಲ ಐವತ್ತಕ್ಕಿಂತ ಹತ್ತಿರದಲ್ಲಿ. ಎರಡು ಅಂಗುಲದಲ್ಲಿ ಕೂಡುವ, ಎಂದೂ ಹುಸಿಹೋಗದ ತೋಟಾ ಅಲ್ಲಿ ಬೇಕು. ಅರ್ಧ ಅಂಗುಲದಲ್ಲಿ ಕೂಡಿ ಇಪ್ಪತ್ತರಲ್ಲಿ ಒಮ್ಮೆ ಸಿಕ್ಕಿಹಾಕಿಕೊಳ್ಳುವ ತೋಟಾ ಬೇಡ. ದೊಡ್ಡ ಕೋವಿಯ ಒದೆತವನ್ನೂ ಮರೆಯಬಾರದು. ಹತ್ತು ಹನ್ನೆರಡು ಈಡಾದ ಮೇಲೆ ಎಂಥವನ ಹೆಗಲೂ ಮುಂದಿನದಕ್ಕೆ ತಾನಾಗಿಯೇ ಹಿಂಜರಿಯುತ್ತದೆ, ಕಣ್ಣು ಮುಚ್ಚಿಕೊಳ್ಳುತ್ತದೆ. ಅನಂತರ ಹಲಗೆಯ ಮೇಲೆ ಕಾಣುವುದು ತೋಟಾದ ಗುಣವಲ್ಲ, ಹೆಗಲಿನ ನೋವು. ಪರೀಕ್ಷೆಯನ್ನು ನಾಲ್ಕಾರು ದಿನಗಳಿಗೆ ಹಂಚಿಕೊಳ್ಳುವುದೇ ಲೇಸು.

ಗುಂಡುಗಳಲ್ಲಿ ಎರಡು ಕುಲ. ಮೂತಿಯಲ್ಲಿ ಸೀಸ ಕಾಣುವ ಮೆದುಗುಂಡು ಮಾಂಸದೊಳಗೆ ಅಣಬೆಯಂತೆ ಅರಳಿ ದೊಡ್ಡ ಗಾಯ ಮಾಡುತ್ತದೆ. ಹುಲಿಗೆ, ಸಿಂಹಕ್ಕೆ ಅದು ತಕ್ಕುದು. ಪೂರ್ತಿ ಹೊದಿಕೆಯ ಗಟ್ಟಿಗುಂಡು ಅರಳದೆ ಆಳಕ್ಕೆ ಇಳಿಯುತ್ತದೆ. ಆನೆಗೆ ಅದೇ ಬೇಕು. ಇವೆರಡರ ನಡುವೆ ಒಂದು ಹೊಸ ದಾರಿ ತೆರೆದವನು ಅಮೆರಿಕದ ಜಾನ್ ನಾಸ್ಲರ್. 1946ರಲ್ಲಿ ಕೆನಡದ ಕಾಡಿನಲ್ಲಿ ಕೆಸರು ಮೆತ್ತಿದ ಒಂದು ಭಾರಿ ಮೂಸ್ ಕಡವೆಯ ಮೇಲೆ ಅವನ ಗುಂಡುಗಳು ಮೇಲುಮೇಲಕ್ಕೇ ಒಡೆದು ಪುಡಿಯಾದವು. ಊರಿಗೆ ಮರಳಿ ಅವನು ಗುಂಡಿನ ನಡುವೆ ಲೋಹದ ಅಡ್ಡಗೋಡೆಯೊಂದನ್ನಿಟ್ಟ. ಮುಂಭಾಗ ಅರಳಿದರೂ ಹಿಂಭಾಗ ಇಡಿಯಾಗಿ ಉಳಿದು ಒಳಗೆ ನುಗ್ಗುವಂತಾಯಿತು. 1948ರಿಂದ ಅದು ಮಾರಾಟಕ್ಕೆ ಬಂತು. ಆಫ್ರಿಕದಲ್ಲಿ ಕಾಡೆಮ್ಮೆಗೆ ಮೊದಲ ಗುಂಡು ಮೆದುವಿನದು, ಹಿಂದಿನವು ಗಟ್ಟಿಯವು ಎಂಬ ವಾಡಿಕೆ ಬಹುಕಾಲದ್ದು. ಅದನ್ನು ಅನುಸರಿಸುವವನು ಎರಡೂ ಜಾತಿಯ ತೋಟಾಗಳು ತನ್ನ ಕೋವಿಯಲ್ಲಿ ಒಂದೇ ಜಾಗಕ್ಕೆ ಹೊಡೆಯುತ್ತವೆಯೆ ಎಂದು ಮನೆಯಲ್ಲೇ ನೋಡಿಕೊಂಡಿರಬೇಕು. 1912ರಲ್ಲಿ ಬಂದ .375 ಹಾಲೆಂಡ್ ತೋಟಾ ಈ ವಿಷಯದಲ್ಲಿ ಸಾಧುವೆಂದು ಹೆಸರು ಗಳಿಸಿದೆ. 270, 300 ಗ್ರೇನ್ ಗುಂಡುಗಳೆರಡೂ ಅನೇಕ ರೈಫಲುಗಳಲ್ಲಿ ಹತ್ತಿರ ಹತ್ತಿರವೇ ಬೀಳುತ್ತವೆ. ಅನೇಕ ಎಂದರೆ ಎಲ್ಲ ಎಂದಲ್ಲ.

ಮೆಚ್ಚಿದ ತೋಟಾ ಸಿಕ್ಕಿದ ಬಳಿಕ ಡಬ್ಬಿಯ ಮೇಲಿನ ತಯಾರಿಕೆಯ ತಂಡದ ಸಂಖ್ಯೆಯನ್ನು ಓದಿ, ಅದೇ ತಂಡದವನ್ನು ಬೇಕಾದಷ್ಟು ಒಮ್ಮೆಗೇ ಕೊಂಡಿಡುವುದು ವಿವೇಕ. ಕಾರ್ಖಾನೆಯವರು ಒಂದೇ ಹೆಸರಿನ ತೋಟಾದಲ್ಲಿ ಮದ್ದಿನ ಹದವನ್ನು ತಂಡದಿಂದ ತಂಡಕ್ಕೆ ಬದಲಿಸುವುದುಂಟು. ಹೊಸ ತಂಡ ಬಂದರೆ ಪರೀಕ್ಷೆಯೂ ಹೊಸದಾಗಿ ಆಗಬೇಕು. ಕಾಡಿಗೆ ಹೊರಡುವ ಮುನ್ನ ಒಯ್ಯುವ ಪ್ರತಿಯೊಂದು ತೋಟಾವನ್ನೂ, ಒಂದನ್ನೂ ಬಿಡದೆ, ಬಯಲಲ್ಲಿ ನಿಂತು ಮ್ಯಾಗಜಿನ್ನಿನಿಂದ ಕೋವಿಯ ಗೂಡಿಗೆ ಹಾಯಿಸಿ ಹೊರತೆಗೆದು ನೋಡುತ್ತಾರೆ. ಕುದುರೆಗೆ ಬೆರಳು ಹೋಗಕೂಡದು, ನಳಿಗೆಯ ಮುಂದೆ ಯಾರೂ ಇರಕೂಡದು. ಉಬ್ಬಿದ ಕೊಳವೆ, ಮೇಲೆದ್ದ ಕೇಪು, ತಗ್ಗುಬಿದ್ದ ಕತ್ತು ಇದ್ದರೆ ಆಗಲೇ ಗೊತ್ತಾಗುತ್ತದೆ. ಇನ್ನೊಂದು ಅಪಾಯ ಅಷ್ಟು ಬೇಗ ಕಣ್ಣಿಗೆ ಬೀಳದು. ಮೇಲಿನ ತೋಟಾ ಸಿಡಿದಾಗ ಬರುವ ಒದೆತಕ್ಕೆ ಕೆಳಗೆ ಕಾದಿರುವ ತೋಟಾಗಳ ಮೂತಿ ಮ್ಯಾಗಜಿನ್ನಿನ ಗೋಡೆಗೆ ಬಡಿದು ಗುಂಡು ಒಳಕ್ಕೆ ಕುಸಿಯಬಹುದು. ಕೊಳವೆಯ ಬಾಯನ್ನು ಗುಂಡಿನ ಸುತ್ತ ಬಿಗಿಯಾಗಿ ಮಡಿಸಿದ ತೋಟಾಗಳಲ್ಲಿ ಈ ಭಯ ಕಡಿಮೆ. ಒಂದು ತೋಟಾದ ಉದ್ದವನ್ನು ಅಳೆದಿಟ್ಟು, ಅದನ್ನು ತಳದಲ್ಲಿರಿಸಿ, ಮೇಲಿನ ಮೂರನ್ನು ಹಾರಿಸಿ, ಮತ್ತೆ ಅಳೆದರೆ ಸಂಶಯ ಪರಿಹಾರವಾಗುತ್ತದೆ.

ನಮ್ಮ ನಾಡಿನಲ್ಲಿ ಈ ವಿದ್ಯೆಗೆ ಈಗ ಕೆಲಸವಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯೊಡನೆ ಹುಲಿ, ಆನೆ, ಕಾಟಿಗಳ ಬೇಟೆಯ ಕಾಲ ಮುಗಿಯಿತು. ಮುಗಿದದ್ದು ಒಳ್ಳೆಯದೇ ಆಯಿತು. ಅದಕ್ಕೂ ಮೊದಲೇ ತೋಟಾಗಳು ಮುಗಿಯತೊಡಗಿದ್ದವು. ಬೆಂಗಳೂರಿನ ಕೆನೆತ್ ಆಂಡರ್ಸನ್, ಪೂರ್ಣಚಂದ್ರ ತೇಜಸ್ವಿಯವರ ಲೇಖನಿಯಿಂದ ಕನ್ನಡಿಗರ ಮನೆಮನೆಗೂ ಪರಿಚಿತರಾದವರು, ನರಭಕ್ಷಕಗಳ ಹಿಂದೆ ಅಲೆದದ್ದು ವಿಂಚೆಸ್ಟರಿನ .405 ರೈಫಲು ಹಿಡಿದು. 1904ರಲ್ಲಿ ಹುಟ್ಟಿದ ಆ ತೋಟಾದ 300 ಗ್ರೇನ್ ಗುಂಡು ಕ್ಷಣಕ್ಕೆ 2,200 ಅಡಿ ಓಡುತ್ತದೆ. ಅಮೆರಿಕದ ಅಧ್ಯಕ್ಷರಾಗಿದ್ದ ಥಿಯೊಡೋರ್ ರೂಸ್‌ವೆಲ್ಟರು 1909ರಲ್ಲಿ ಅದನ್ನು ಸಿಂಹದ ಬೇಟೆಗೆಂದು ಆಫ್ರಿಕಕ್ಕೆ ಒಯ್ದಿದ್ದರು. 1950ರ ದಶಕದ ಮಧ್ಯದಲ್ಲಿ ಕಾರ್ಖಾನೆ ಅದನ್ನು ಮಾಡುವುದನ್ನು ನಿಲ್ಲಿಸಿತು. ಆ ಬಳಿಕ .405 ಇದ್ದವನು ತನ್ನ ತೋಟಾಗಳನ್ನು ಹಳೆಯ ಕಾಲದ ಬೆಳ್ಳಿ ನಾಣ್ಯಗಳಂತೆ ಎಣಿಸಿ ಖರ್ಚುಮಾಡಬೇಕಾಯಿತು. ಅಮೆರಿಕದಲ್ಲಿ ಅದು ಮತ್ತೆ ಕಾರ್ಖಾನೆಯಿಂದ ಹೊರಬಂದದ್ದು 2000ದ ನಂತರ. ಆಂಡರ್ಸನ್ನರು 1974ರಲ್ಲೇ ತೀರಿಕೊಂಡಿದ್ದರು.

ಚಂಪಾವತಿಯ ಹುಲಿಯನ್ನು ಕೊಂದುದಕ್ಕಾಗಿ ಸಂಯುಕ್ತ ಪ್ರಾಂತಗಳ ಲೆಫ್ಟೆನೆಂಟ್ ಗವರ್ನರ್ ಸರ್ ಜಾನ್ ಹೆವೆಟ್ಟರು ಕಾರ್ಬೆಟ್ಟರಿಗೆ ಒಂದು ರೈಫಲನ್ನು ಬಹುಮಾನವಾಗಿ ಕೊಟ್ಟರು. ಅದು .275 ರಿಗ್ಬಿ, ಬೆಲ್‌ನ ಕೈಯಲ್ಲಿದ್ದ ಅದೇ ಜಾತಿ, ಅದೇ ತೋಟಾ. ರುದ್ರಪ್ರಯಾಗದ ನರಭಕ್ಷಕ ಚಿರತೆ 1926ರಲ್ಲಿ ಬಿದ್ದದ್ದು ಆ ರೈಫಲಿಗೆ. ಕಾರ್ಬೆಟ್ಟರ ಕಾಲಾನಂತರ ಅವರ ಪುಸ್ತಕಗಳ ಪ್ರಕಾಶಕರ ಬಳಿಯಿದ್ದ ಆ ಕೋವಿ 2010ರ ದಶಕದಲ್ಲಿ ತನ್ನನ್ನು ತಯಾರಿಸಿದ ರಿಗ್ಬಿ ಕಂಪನಿಗೇ ಮರಳಿ ಸೇರಿತು. ಬಹುಮಾನದ ಕಾರಣವನ್ನು ಕೆತ್ತಿದ ಬೆಳ್ಳಿಯ ಬಿಲ್ಲೆ ಅದರ ಮರದ ದಿಂಡಿನ ಮೇಲೆ ಈಗಲೂ ಇದೆ.